ಕರ್ನಾಟಕ ಪೊಲೀಸ್ ನೇಮಕಾತಿಯಲ್ಲಿ ಮಾಜಿ ಸೈನಿಕರು

ಭಾರತೀಯ ಭೂಸೇನೆ, ನೌಕಾಪಡೆ ಅಥವಾ ವಾಯುಪಡೆಯಲ್ಲಿ ಸೇವೆ ಸಲ್ಲಿಸಿ ಬಿಡುಗಡೆ ಹೊಂದಿದವರು ಕರ್ನಾಟಕ ರಾಜ್ಯ ಪೊಲೀಸ್ ಇಲಾಖೆಯ ಹುದ್ದೆಗಳಿಗೆ ಮಾಜಿ ಸೈನಿಕರ ಮೀಸಲಾತಿಯಡಿ ಅರ್ಜಿ ಸಲ್ಲಿಸಬಹುದು. ಕರ್ನಾಟಕ ಸಿವಿಲ್ ಸೇವೆಗಳ (ಸಾಮಾನ್ಯ ನೇಮಕಾತಿ) ನಿಯಮಗಳು, 1977 ಈ ಸೌಲಭ್ಯಕ್ಕೆ ಆಧಾರವಾಗಿವೆ. ಅಭ್ಯರ್ಥಿಯು ಎಷ್ಟು ವರ್ಷ ಸೇವೆ ಸಲ್ಲಿಸಿದನೆಂಬುದರ ಜೊತೆಗೆ, ಯಾವ ಕಾರಣದಿಂದ ಬಿಡುಗಡೆಯಾದನೆಂಬುದೂ ಅರ್ಹತೆಯನ್ನು ನಿರ್ಧರಿಸುತ್ತದೆ.

ಮಾಜಿ ಸೈನಿಕ ಎಂಬುದರ ಅರ್ಥ

ಸೇನಾ ಸಮವಸ್ತ್ರ ಧರಿಸಿದ್ದವರೆಲ್ಲರೂ ನೇಮಕಾತಿಯ ದೃಷ್ಟಿಯಲ್ಲಿ ಮಾಜಿ ಸೈನಿಕರಲ್ಲ. ಮುಖ್ಯವಾಗಿ ಈ ಕೆಳಗಿನವರು ಆ ವ್ಯಾಖ್ಯೆಯೊಳಗೆ ಬರುತ್ತಾರೆ:

• ನಿವೃತ್ತಿಯ ನಂತರ ಪಿಂಚಣಿ ಪಡೆಯುತ್ತಿರುವವರು
• ಸೇನಾ ಸೇವೆಯಿಂದ ಉಂಟಾದ ವೈದ್ಯಕೀಯ ಕಾರಣಕ್ಕಾಗಿ ಬಿಡುಗಡೆಯಾಗಿ ಅಂಗವೈಕಲ್ಯ ಪಿಂಚಣಿ ಪಡೆದವರು
• ಸಿಬ್ಬಂದಿ ಕಡಿತದ ಕಾರಣ ಬಿಡುಗಡೆಯಾದವರು
• ನಿಗದಿತ ಅವಧಿಯನ್ನು ಪೂರ್ಣಗೊಳಿಸಿ ಉಪದಾನ ಪಡೆದವರು

ದುರ್ನಡತೆ ಅಥವಾ ಅದಕ್ಷತೆಗಾಗಿ ವಜಾಗೊಂಡವರು ಮತ್ತು ತೆಗೆದುಹಾಕಲ್ಪಟ್ಟವರು ಇದರಿಂದ ಹೊರಗುಳಿಯುತ್ತಾರೆ. ಸ್ವಂತ ಕೋರಿಕೆಯ ಮೇರೆಗೆ ಹೊರಬಂದವರ ಸ್ಥಿತಿ ಸೇವಾವಧಿಯನ್ನು ಅವಲಂಬಿಸಿದೆ. ಅಧಿಕಾರಿಯಲ್ಲದ ಸೈನಿಕನಿಗೆ ಪಿಂಚಣಿ ದೊರೆಯಲು ಸಾಮಾನ್ಯವಾಗಿ ಕನಿಷ್ಠ 15 ವರ್ಷಗಳ ಅರ್ಹ ಸೇವೆ ಬೇಕು. ಈ ಅವಧಿಯ ನಂತರ ಕೋರಿಕೆಯ ಮೇರೆಗೆ ನಿವೃತ್ತನಾಗಿ ಪಿಂಚಣಿ ಪಡೆಯುವವನು ಮಾಜಿ ಸೈನಿಕನೆನಿಸುತ್ತಾನೆ. ಅದಕ್ಕೆ ಮೊದಲೇ ತಾನಾಗಿ ಸೇವೆ ತೊರೆದವನು ಎನಿಸುವುದಿಲ್ಲ. ಅರೆಸೇನಾ ಪಡೆಗಳಲ್ಲಿ ಸೇವೆ ಸಲ್ಲಿಸಿದವರೂ ಈ ವ್ಯಾಖ್ಯೆಗೆ ಸೇರುವುದಿಲ್ಲ.

ಬಿಡುಗಡೆ ಪ್ರಮಾಣಪತ್ರ

ಸೇನಾ ಅಧಿನಿಯಮ, 1950ರ 23ನೇ ಪ್ರಕರಣದಂತೆ, ಸೇವೆ ಮುಕ್ತಾಯಗೊಂಡ ಪ್ರತಿಯೊಬ್ಬ ಸೈನಿಕನಿಗೂ ಕಮಾಂಡಿಂಗ್ ಅಧಿಕಾರಿಯು ಪ್ರಮಾಣಪತ್ರ ನೀಡಬೇಕು. ಅದು ಇಂಗ್ಲಿಷಿನಲ್ಲಿಯೂ ಸೈನಿಕನ ಮಾತೃಭಾಷೆಯಲ್ಲಿಯೂ ಇರಬೇಕು. ಸೇವೆಯನ್ನು ಕೊನೆಗೊಳಿಸಿದ ಪ್ರಾಧಿಕಾರ, ಅದರ ಕಾರಣ ಹಾಗೂ ಒಟ್ಟು ಸೇವಾವಧಿ ಎಂಬ ಮೂರು ವಿವರಗಳು ಅದರಲ್ಲಿರುತ್ತವೆ. ಮೀಸಲಾತಿ ಕೋರುವವನ ಅರ್ಹತೆಯನ್ನು ಪರಿಶೀಲಿಸುವಾಗ ಈ ದಾಖಲೆಗಳಲ್ಲಿನ ಕಾರಣವೇ ನಿರ್ಣಾಯಕವಾಗುತ್ತದೆ.

ಅಮೆರಿಕದಲ್ಲಿ ಡಿಡಿ-214 ಎಂಬ ದಾಖಲೆಯು ಬಿಡುಗಡೆಯನ್ನು ಗೌರವಯುತ, ಸಾಮಾನ್ಯ ಮುಂತಾಗಿ ವರ್ಗೀಕರಿಸುತ್ತದೆ. ಭಾರತದಲ್ಲಿ ಅಂತಹ ಶ್ರೇಣೀಕರಣವಿಲ್ಲ. ನಿವೃತ್ತಿ, ಬಿಡುಗಡೆ, ತೆಗೆದುಹಾಕುವಿಕೆ, ವಜಾ ಎಂಬ ಕಾನೂನಿನ ಭೇದಗಳೇ ಆ ಕೆಲಸವನ್ನು ಮಾಡುತ್ತವೆ.

ಮೀಸಲಾತಿ ಮತ್ತು ವಯೋಮಿತಿ

ರಾಜ್ಯದ ನೇರ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇ 10ರಷ್ಟು ಸಮತಳ ಮೀಸಲಾತಿಯಿದೆ. ಅಂದರೆ ಸಾಮಾನ್ಯ ವರ್ಗ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ಪ್ರವರ್ಗಗಳ ಹುದ್ದೆಗಳಲ್ಲಿಯೇ ಈ ಪಾಲನ್ನು ಗುರುತಿಸಲಾಗುತ್ತದೆ.

ಗರಿಷ್ಠ ವಯೋಮಿತಿಯನ್ನು ಸೇನೆಯಲ್ಲಿ ಸಲ್ಲಿಸಿದ ಸೇವೆಯ ವರ್ಷಗಳಿಗೆ 3 ವರ್ಷ ಸೇರಿಸಿದಷ್ಟು ಸಡಿಲಿಸಲಾಗುತ್ತದೆ. ಉದಾಹರಣೆಗೆ, 17 ವರ್ಷ ಸೇವೆ ಸಲ್ಲಿಸಿದ 40 ವರ್ಷದ ಅಭ್ಯರ್ಥಿಗೆ 20 ವರ್ಷಗಳ ಸಡಿಲಿಕೆ ದೊರೆತು, ಲೆಕ್ಕಕ್ಕೆ ಆತನ ವಯಸ್ಸು 20 ಆಗುತ್ತದೆ.

ದೇಹದಾರ್ಢ್ಯ ಮತ್ತು ಪೂರ್ವಾಪರ ಪರಿಶೀಲನೆ

ಮೀಸಲಾತಿಯ ಅರ್ಹತೆಯೊಂದೇ ಆಯ್ಕೆಗೆ ಸಾಲದು. ಲಿಖಿತ ಪರೀಕ್ಷೆ, ದೇಹದಾರ್ಢ್ಯ ಪರೀಕ್ಷೆ ಮತ್ತು ವೈದ್ಯಕೀಯ ತಪಾಸಣೆಗಳಲ್ಲಿಯೂ ಅಭ್ಯರ್ಥಿ ತೇರ್ಗಡೆಯಾಗಬೇಕು. ಆದುದರಿಂದ ಅಂಗವೈಕಲ್ಯ ಪಿಂಚಣಿಯೊಂದಿಗೆ ಬಂದವನು ವ್ಯಾಖ್ಯೆಯಂತೆ ಮಾಜಿ ಸೈನಿಕನಾದರೂ ಪೊಲೀಸ್ ಕರ್ತವ್ಯಕ್ಕೆ ವೈದ್ಯಕೀಯವಾಗಿ ಅನರ್ಹನಾಗುವ ಸಾಧ್ಯತೆಯಿದೆ.

ನೇಮಕಾತಿ ಆದೇಶಕ್ಕೆ ಮುನ್ನ ನಡತೆ ಮತ್ತು ಪೂರ್ವಾಪರಗಳ ಪರಿಶೀಲನೆ ನಡೆಯುತ್ತದೆ. ಅವತಾರ್ ಸಿಂಗ್ ಪ್ರಕರಣದ 2016ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಕ್ರಿಮಿನಲ್ ಪ್ರಕರಣಗಳ ಕುರಿತು ಅಭ್ಯರ್ಥಿ ನೀಡುವ ಮಾಹಿತಿ ಸತ್ಯವಾಗಿರಬೇಕೆಂದೂ, ಮುಖ್ಯ ಸಂಗತಿಯನ್ನು ಮುಚ್ಚಿಟ್ಟರೆ ನೇಮಕಾತಿ ರದ್ದಾಗಬಹುದೆಂದೂ ಹೇಳಿತು.

ಅಗ್ನಿವೀರರು

2022ರ ಜೂನ್ 14ರಂದು ಘೋಷಿತವಾದ ಅಗ್ನಿಪಥ ಯೋಜನೆಯಡಿ ಸೇರಿದ ಅಗ್ನಿವೀರರ ಸೇವಾವಧಿ 4 ವರ್ಷ. ಅವರಲ್ಲಿ ಗರಿಷ್ಠ ಶೇ 25ರಷ್ಟು ಮಂದಿಯನ್ನು ಕಾಯಂ ಸೇವೆಗೆ ಆಯ್ಕೆ ಮಾಡಲು ಯೋಜನೆ ಅವಕಾಶ ನೀಡಿತು. ಉಳಿದವರಿಗೆ ಸೇವಾನಿಧಿ ದೊರೆಯುತ್ತದೆ. ಯೋಜನೆಯ ಷರತ್ತುಗಳಂತೆ ಪಿಂಚಣಿ, ಉಪದಾನ ಮತ್ತು ಮಾಜಿ ಸೈನಿಕ ಸ್ಥಾನಮಾನ ದೊರೆಯುವುದಿಲ್ಲ. ಹೀಗಾಗಿ ಯಾವ ಕಳಂಕವೂ ಇಲ್ಲದೆ ಅವಧಿ ಪೂರ್ಣಗೊಳಿಸಿದ ಅಗ್ನಿವೀರನೂ ಮೇಲಿನ ವ್ಯಾಖ್ಯೆಯ ಬಲದಿಂದಲೇ ಮೀಸಲಾತಿ ಪಡೆಯಲಾರ. ಅವನಿಗೆ ಪ್ರತ್ಯೇಕ ಆದೇಶದ ಅಗತ್ಯವಿದೆ. ಕೇಂದ್ರ ಗೃಹ ಸಚಿವಾಲಯವು 2022ರ ಜೂನ್‌ನಲ್ಲಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಅಗ್ನಿವೀರರಿಗೆ ಶೇ 10ರಷ್ಟು ಮೀಸಲಾತಿಯನ್ನು ಪ್ರಕಟಿಸಿತು.

ಬೆಳಗಾವಿ ಜಿಲ್ಲೆಯಲ್ಲಿ

ಬೆಳಗಾವಿ ನಗರದಲ್ಲಿ ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಕೇಂದ್ರವಿದ್ದು, ಸಮೀಪದ ಮಚ್ಛೆಯಲ್ಲಿ ಕರ್ನಾಟಕ ರಾಜ್ಯ ಮೀಸಲು ಪೊಲೀಸ್‌ನ 2ನೇ ಪಡೆಯಿದೆ. ದೇಗಾಂವ ಮೊದಲಾದ ಗ್ರಾಮಗಳಿಗೂ, ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಭಾಗಗಳಿಗೂ ಮರಳುವ ಸೈನಿಕರ ಪುನರ್ವಸತಿ ವಿಷಯಗಳನ್ನು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಬೆಳಗಾವಿ ಕಚೇರಿಯು ನಿರ್ವಹಿಸುತ್ತದೆ.