ಥೈಮಸ್ ಗ್ರಂಥಿ ಮತ್ತು ಬರದ ಸೀಮೆ



ನಮ್ಮ ಎದೆಯ ಮೂಳೆಯ ಹಿಂದೆ, ಹೃದಯದ ಮೇಲ್ಭಾಗದಲ್ಲಿ, ಥೈಮಸ್ ಎಂಬ ಗ್ರಂಥಿಯಿದೆ. ಬಾಲ್ಯದಲ್ಲಿ ದೊಡ್ಡದಾಗಿರುವ ಇದು ವಯಸ್ಸಾದಂತೆ ಕರಗುತ್ತ ಹೋಗುತ್ತದೆ. ಇದರ ನಿಜವಾದ ಕಾರ್ಯ ಬೆಳಕಿಗೆ ಬಂದದ್ದು 1961ರಲ್ಲಿ. ಅದಕ್ಕೆ ಮೊದಲು ವೈದ್ಯಲೋಕದಲ್ಲಿ ನಡೆದ ಪ್ರಮಾದವೊಂದರ ಮೂಲ ಬಡತನದಲ್ಲಿದೆ. ಬರದ ಸೀಮೆಯವರಾದ ನಾವು ಅದನ್ನು ಅರಿತಿರಬೇಕು.

19ನೆಯ ಶತಮಾನದಲ್ಲಿ ಯುರೋಪು, ಅಮೆರಿಕಗಳ ವೈದ್ಯಶಾಲೆಗಳಿಗೆ ಛೇದನಕ್ಕಾಗಿ ದೊರೆಯುತ್ತಿದ್ದುದು ಹೆಚ್ಚಾಗಿ ಬಡವರ ಶವಗಳು. ಹಸಿವು ಮತ್ತು ದೀರ್ಘ ಕಾಯಿಲೆಗಳಿಂದ ಅವರ ಥೈಮಸ್ ಕುಗ್ಗಿರುತ್ತಿತ್ತು. ಆ ಗಾತ್ರವನ್ನೇ ವೈದ್ಯರು ಸಹಜವೆಂದು ಬಗೆದರು. ಆರೋಗ್ಯವಾಗಿದ್ದು ಹಠಾತ್ತನೆ ಅಸುನೀಗಿದ ಶಿಶುಗಳಲ್ಲಿ ಸಹಜ ಗಾತ್ರದ ಗ್ರಂಥಿ ಕಂಡಾಗ, ಅದು ಅತಿಯಾಗಿ ಬೆಳೆದು ಉಸಿರುಕಟ್ಟಿಸಿತೆಂದು ತೀರ್ಮಾನಿಸಿದರು. 20ನೆಯ ಶತಮಾನದ ಪೂರ್ವಾರ್ಧದಲ್ಲಿ ಸಾವಿರಾರು ಶಿಶುಗಳ ಎದೆಗೆ ಕ್ಷ-ಕಿರಣ ಹಾಯಿಸಿ ಗ್ರಂಥಿಯನ್ನು ಕುಗ್ಗಿಸಲಾಯಿತು. ಮುಂದೆ ಅವರಲ್ಲಿ ಹಲವರು ಥೈರಾಯ್ಡ್ ಕ್ಯಾನ್ಸರಿಗೆ ತುತ್ತಾದರು.

1961ರಲ್ಲಿ ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ಅವರು ನವಜಾತ ಇಲಿಮರಿಗಳ ಥೈಮಸ್ ತೆಗೆದು ನೋಡಿದರು. ಆ ಮರಿಗಳು ಸೋಂಕಿಗೆ ಬಲಿಯಾದವು. ಅನ್ಯ ಇಲಿಯ ಚರ್ಮವನ್ನು ಕಸಿಮಾಡಿದರೂ ತಿರಸ್ಕರಿಸಲಿಲ್ಲ. ರೋಗದೊಡನೆ ಹೋರಾಡುವ ಟಿ ಕೋಶಗಳು ಸಿದ್ಧವಾಗುವ ಸ್ಥಳ ಇದೇ ಎಂಬುದು ಕ್ರಮೇಣ ಸ್ಪಷ್ಟವಾಯಿತು.

ಅಸ್ಥಿಮಜ್ಜೆಯಿಂದ ಬಂದ ಎಳೆಯ ಕೋಶಗಳಿಗೆ ಇಲ್ಲಿ ಎರಡು ಪರೀಕ್ಷೆಗಳು. ಮೊದಲನೆಯದು ಗ್ರಂಥಿಯ ಹೊರಭಾಗದಲ್ಲಿ: ನಮ್ಮ ದೇಹದ ಗುರುತಿನ ಪ್ರೋಟೀನನ್ನು ಓದಲಾರದ ಕೋಶ ಸಾಯುತ್ತದೆ. ಎರಡನೆಯದು ಒಳಭಾಗದಲ್ಲಿ: ಅಲ್ಲಿನ ಕೋಶಗಳು ಇನ್ಸುಲಿನ್‌ನಂತಹ ದೇಹದ ಸ್ವಂತ ವಸ್ತುಗಳ ಮಾದರಿಯನ್ನು ಮುಂದಿಡುತ್ತವೆ, ಅವುಗಳ ಮೇಲೆ ಬಲವಾಗಿ ಎರಗುವ ಕೋಶವೂ ಸಾಮಾನ್ಯವಾಗಿ ಸಾಯುತ್ತದೆ. ನೂರರಲ್ಲಿ ಹೆಚ್ಚೆಂದರೆ ಐದು ಉತ್ತೀರ್ಣವಾಗುತ್ತವೆ. ನಮ್ಮ ಎಸ್.ಎಸ್.ಎಲ್.ಸಿ. ಫಲಿತಾಂಶ ಎಷ್ಟೋ ಮೇಲು!

ಇನ್ನು ನಮ್ಮ ಸೀಮೆಯ ಮಾತು. 1876–78ರ ಮಹಾಕ್ಷಾಮದ ಕಾಲಕ್ಕೆ ವಿಜಯಪುರ, ಬಬಲೇಶ್ವರಗಳು ಕಲಾದಗಿ ಜಿಲ್ಲೆಗೆ ಸೇರಿದ್ದವು. ಆ ಬರದಲ್ಲಿ ಜನರು ಬರಿಯ ಉಪವಾಸದಿಂದಲ್ಲ, ಕಾಲರಾ ಹಾಗೂ ಜ್ವರಗಳಿಂದಲೂ ಸತ್ತರು. ಅದರ ಕಾರಣಗಳಲ್ಲೊಂದನ್ನು ನಾವು ಇಂದು ಬಲ್ಲೆವು: ಹಸಿವು ಮಗುವಿನ ಥೈಮಸ್ಸನ್ನು ಕುಗ್ಗಿಸುತ್ತದೆ, ಹೊಸ ಟಿ ಕೋಶಗಳು ಕಡಿಮೆಯಾಗುತ್ತವೆ, ಸೋಂಕನ್ನು ಎದುರಿಸುವ ಬಲ ಕುಂದುತ್ತದೆ.

ಒಳ್ಳೆಯ ಆಹಾರ ದೊರೆತರೆ ಕುಗ್ಗಿದ ಗ್ರಂಥಿ ಮತ್ತೆ ಚೇತರಿಸಿಕೊಳ್ಳುತ್ತದೆ. ಆದರೆ ಮೈತೂಕ ಮರಳಿದ ಮೇಲೂ ಅದಕ್ಕೆ ಕೆಲವು ವಾರಗಳು ಬೇಕು. 2002ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟವನ್ನು ನಾನು ಈ ದೃಷ್ಟಿಯಿಂದಲೂ ಕಾಣುತ್ತೇನೆ. ನಿಮ್ಮಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ. ಹಾಜರಿ ಕರೆಯುವಾಗ ಯಾವ ಮಗು ಉಣ್ಣದೆ ಬಂದಿದೆಯೆಂಬುದನ್ನೂ ಗಮನಿಸಿರಿ.