ಮನೋವೈದ್ಯದಲ್ಲಿ ನಿದ್ರೆಯ ಮಾಪನ: ಒಂದು ಐತಿಹಾಸಿಕ ವಿವೇಚನೆ

ನಿದ್ರೆಗೂ ಮನಸ್ಸಿನ ಸ್ವಾಸ್ಥ್ಯಕ್ಕೂ ಇರುವ ನಂಟನ್ನು ವೈದ್ಯರು ಬಹು ಹಿಂದೆಯೇ ಬಲ್ಲವರಾಗಿದ್ದರು. ರಾಬರ್ಟ್ ಬರ್ಟನ್ನನು 1621ರಲ್ಲಿ ಪ್ರಕಟಿಸಿದ, ವಿಷಣ್ಣತೆಯನ್ನು ಕುರಿತ ಬೃಹದ್ಗ್ರಂಥದಲ್ಲಿ ನಿದ್ರಾಭಂಗವು ಆ ರೋಗದ ಕಾರಣಗಳಲ್ಲಿಯೂ ಲಕ್ಷಣಗಳಲ್ಲಿಯೂ ಎಣಿಕೆಗೊಂಡಿದೆ. ಆದರೆ ರೋಗಿಯು ಎಷ್ಟು ಹೊತ್ತು ಮಲಗಿದನೆಂದು ಕೇಳುವುದು ಬೇರೆ, ಅವನ ದೇಹವು ಯಾವ ಹೊತ್ತನ್ನು ರಾತ್ರಿಯೆಂದು ಬಗೆಯುತ್ತದೆಂದು ಕೇಳುವುದು ಬೇರೆ. ಈ ಎರಡನೆಯ ಪ್ರಶ್ನೆಯು ಮನೋವೈದ್ಯದೊಳಕ್ಕೆ ತಡವಾಗಿ ಬಂದ ಬಗೆಯನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ಖಿನ್ನತೆಯನ್ನು ಅಳೆಯಲು ವಿಶೇಷವಾಗಿ ಬಳಕೆಗೆ ಬಂದ ಸಾಧನಗಳಲ್ಲೊಂದು ಮ್ಯಾಕ್ಸ್ ಹ್ಯಾಮಿಲ್ಟನ್ನನು 1960ರಲ್ಲಿ ಪ್ರಕಟಿಸಿದ ಮಾಪನ. ಅದರ 17 ಅಂಶಗಳಲ್ಲಿ ಮೂರು ನಿದ್ರಾನಾಶಕ್ಕೇ ಮೀಸಲು: ನಿದ್ರೆ ಹತ್ತದಿರುವುದು, ನಡುರಾತ್ರಿಯಲ್ಲಿ ಎಚ್ಚರವಾಗುವುದು, ಬೆಳಗಿನ ಜಾವದಲ್ಲಿ ಎಚ್ಚೆತ್ತು ಮತ್ತೆ ನಿದ್ರೆ ಬಾರದಿರುವುದು. ಒಂದೊಂದಕ್ಕೆ ಎರಡರಂತೆ ಒಟ್ಟು ಆರು ಅಂಕಗಳು. ಇಷ್ಟು ಗಮನ ಶ್ಲಾಘ್ಯವೇ ಸರಿ. ಆದರೆ ಅತಿನಿದ್ರೆಗೆ ಆ 17ರಲ್ಲಿ ಎಡೆಯಿಲ್ಲ. ಬೆಳಗ್ಗೆ ಕುಗ್ಗಿ ಸಂಜೆಗೆ ಚೇತರಿಸಿಕೊಳ್ಳುವ, ಅಥವಾ ಅದಕ್ಕೆ ತಿರುಗುಮುರುಗಾದ, ಮನಃಸ್ಥಿತಿಯ ದೈನಿಕ ಏರಿಳಿತವನ್ನು ಹ್ಯಾಮಿಲ್ಟನ್ನನು ಗುರುತಿಸಿದ್ದನು. ಅದು ಖಿನ್ನತೆಯ ಬಗೆಯನ್ನು ಸೂಚಿಸುವುದೇ ಹೊರತು ತೀವ್ರತೆಯನ್ನಲ್ಲವೆಂದು ಮೊತ್ತದಿಂದ ಹೊರಗಿರಿಸಿದನು. ತರ್ಕವೇನೋ ಸರಿ, ಪರಿಣಾಮ ಮಾತ್ರ ವಿಚಿತ್ರ. ಗಡಿಯಾರದ ಸುಳಿವು ನೀಡಬಹುದಾಗಿದ್ದ ಅಂಶವೇ ಲೆಕ್ಕಕ್ಕೆ ಬಾರದೆ ಹೋಯಿತು.

ದೇಹಕ್ಕೆ ಸ್ವಂತ ಗಡಿಯಾರವುಂಟೆಂಬ ಅರಿವಾದರೋ ಹುಟ್ಟಿದುದು ಆಸ್ಪತ್ರೆಯಲ್ಲಲ್ಲ, ಗಿಡದ ಬಳಿಯಲ್ಲಿ. ಮುಟ್ಟಿದರೆ ಮುನಿಯಂಥ ಗಿಡವೊಂದು ಕತ್ತಲೆಯಲ್ಲಿಟ್ಟರೂ ಹೊತ್ತಿಗೆ ಸರಿಯಾಗಿ ಎಲೆ ಬಿಚ್ಚಿ ಮುಚ್ಚುವುದನ್ನು ಫ್ರಾನ್ಸಿನ ಡಿ ಮೆರಾನನು 1729ರಲ್ಲಿ ವರದಿಮಾಡಿದನು. ಜರ್ಮನಿಯ ಆಂಡೆಕ್ಸ್‌ನಲ್ಲಿ ಆಷೋಫ್ ಮತ್ತು ವೇವರ್ ಎಂಬವರು 1960ರ ದಶಕದಲ್ಲಿ ಮನುಷ್ಯರನ್ನೇ ನೆಲದೊಳಗಿನ ಕೋಣೆಗಳಲ್ಲಿ, ಹಗಲಿರುಳಿನ ಸುಳಿವಿಲ್ಲದಂತೆ ಇರಿಸಿ ನೋಡಿದರು. ಅವರ ನಿದ್ರೆ-ಎಚ್ಚರಗಳ ಆವರ್ತವು ಸಾಮಾನ್ಯವಾಗಿ 24 ಗಂಟೆಗಳನ್ನು ಮೀರುತ್ತಿತ್ತು.

ಈ ಎರಡು ಧಾರೆಗಳು ಸ್ಪಷ್ಟವಾಗಿ ಕೂಡಿದುದು 1981ರಲ್ಲಿ ಎನ್ನಬಹುದು. ನ್ಯೂಯಾರ್ಕಿನ ವೈಟ್ಸ್‌ಮನ್ ಮತ್ತು ಸಂಗಡಿಗರು, ನಿದ್ರೆ ಬಾರದೆಂದು ಬಂದ 450 ರೋಗಿಗಳಲ್ಲಿ 30 ಮಂದಿಯನ್ನು ಬೇರೆಯಾಗಿ ಗುರುತಿಸಿದರು. ಇವರಿಗೆ ನಿದ್ರೆ ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು. ಆದರೆ ಊರೆಲ್ಲ ಮಲಗಿ ಬಹು ಹೊತ್ತಾದ ಮೇಲೆ. ಇತರರಿಗಿಂತ ಇವರು ಎಳೆಯರು. ಗುಂಪಾಗಿ ನೋಡಿದರೆ ಯಾವುದೊಂದು ನಿರ್ದಿಷ್ಟ ಮನೋರೋಗವೂ ಇವರಲ್ಲಿ ಕಾಣಲಿಲ್ಲ. ಇಂಥವನೊಬ್ಬನನ್ನು ಹ್ಯಾಮಿಲ್ಟನ್ನನ ಮಾಪನದಿಂದ ಅಳೆದರೆ ನಿದ್ರೆ ಹತ್ತದಿರುವುದಕ್ಕೆ ಅಂಕ ಬೀಳುತ್ತದೆ, ಬೆಳಗಿನ ಕೆಲಸ ತಪ್ಪಿದುದಕ್ಕೂ ಬೀಳಬಹುದು. ಮನೆಯವರಂತೂ ಅವನನ್ನು ಸೋಮಾರಿಯೆಂದು ಎಂದೋ ತೀರ್ಮಾನಿಸಿರುತ್ತಾರೆ. ಮೊದಲನೆಯ ತರಗತಿಗೆ ಸದಾ ಗೈರುಹಾಜರಾಗುವ ವಿದ್ಯಾರ್ಥಿಯ ವಿಷಯದಲ್ಲಿ ಅಧ್ಯಾಪಕರು ಕೊಡುವ ತೀರ್ಪೂ ಅದೇ. ಹಾಗೆಂದು ಇಂಥವರಿಗೆ ಖಿನ್ನತೆ ಬಾರದೆಂದಲ್ಲ. ಎರಡೂ ಕೂಡಿರುವ ನಿದರ್ಶನಗಳು ಅನಂತರ ಹೇರಳವಾಗಿ ದೊರೆತಿವೆ. ಆದುದರಿಂದಲೇ ಒಂದನ್ನು ಕಂಡು ಮತ್ತೊಂದನ್ನು ಬಿಡುವುದು ಅಪಾಯಕರ.

ಅಮೆರಿಕದ ಮನೋವೈದ್ಯ ಸಂಘವು 2013ರಲ್ಲಿ ತನ್ನ ರೋಗವರ್ಗೀಕರಣದ ಐದನೆಯ ಆವೃತ್ತಿಯನ್ನು ಹೊರತಂದಾಗ, ಸ್ವತಂತ್ರ ನಿದ್ರಾನಾಶ, ಮನೋರೋಗದಿಂದ ಹುಟ್ಟಿದ ನಿದ್ರಾನಾಶ ಎಂಬ ಹಳೆಯ ವಿಭಾಗವನ್ನು ಕೈಬಿಟ್ಟಿತು. ಲಯದ ತೊಂದರೆಯನ್ನು ಗುರುತಿಸಲು ಇಂದು ರೋಗಿಯಿಂದ ನಿದ್ರೆಯ ದಿನಚರಿಯನ್ನು ಕನಿಷ್ಠ 7 ದಿನ, ಸಾಧ್ಯವಾದರೆ 14 ದಿನ ಬರೆಯಿಸುತ್ತಾರೆ. ಕೆಲಸದ ದಿನಗಳ ಜತೆಗೆ ರಜೆಯ ದಿನಗಳೂ ಅದರಲ್ಲಿ ಸೇರಿರಬೇಕು. ಯಾರೂ ಎಬ್ಬಿಸದ ದಿನ ಅವನು ತಾನಾಗಿ ಎದ್ದ ಹೊತ್ತು, ದೇಹದ ಗಡಿಯಾರ ತೋರುವ ಹೊತ್ತಿಗೆ ಹೆಚ್ಚು ಸಮೀಪವಾದುದು.