ಪುರಾತನ ಪ್ರಾಣಿಗಳ ಕುರುಕಲು ತಿಂಡಿ: ನಗುವ ವಿಜ್ಞಾನದ ಎರಡು ಶತಮಾನ

ಅಳಿದುಹೋದ ಪ್ರಾಣಿಯೊಂದರ ಚಿತ್ರ ತೋರಿಸಿದರೆ ಮಕ್ಕಳು ತಪ್ಪದೆ ಕೇಳುವ ಪ್ರಶ್ನೆ: ಇದು ಏನು ತಿನ್ನುತ್ತಿತ್ತು? ಈ ಪ್ರಶ್ನೆಯ ಬೆನ್ನು ಹತ್ತಿ ಎರಡು ಬಗೆಯ ಕೆಲಸ ನಡೆದಿದೆ. ಪಳೆಯುಳಿಕೆಗಳ ಹಲ್ಲು, ಹೊಟ್ಟೆ, ಮಲವನ್ನು ಪರೀಕ್ಷಿಸುವ ಶಾಸ್ತ್ರ ಒಂದು. ಆ ಶಾಸ್ತ್ರದ ವೇಷ ತೊಟ್ಟು ನಗಿಸುವ ವಿನೋದ ಇನ್ನೊಂದು. ಇವೆರಡೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಒಂದೇ ಗೆಳೆಯರ ಬಳಗದಲ್ಲಿ ಹುಟ್ಟಿದವು. ಅವು ಕೂಡಿ ನಡೆದ ದಾರಿಯನ್ನು ನೋಡಿದರೆ, ತಮಾಷೆಯಿಂದ ವಿಜ್ಞಾನಕ್ಕೆ ಆದ ಉಪಕಾರ ದೊಡ್ಡದು ಎಂದು ಧೈರ್ಯವಾಗಿ ಹೇಳಬಹುದು.

ಕತ್ತೆಕಿರುಬನ ಗುಹೆಯಲ್ಲಿ

1821ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಕರ್ಕ್‌ಡೇಲ್ ಎಂಬಲ್ಲಿ ಕಲ್ಲು ತೆಗೆಯುವವರಿಗೆ ಮೂಳೆ ತುಂಬಿದ ಗುಹೆಯೊಂದು ಸಿಕ್ಕಿತು. ಆನೆ, ಖಡ್ಗಮೃಗ, ನೀರುಕುದುರೆ, ಕತ್ತೆಕಿರುಬ ಎಲ್ಲದರ ಮೂಳೆಗಳೂ ಅಲ್ಲಿದ್ದವು. ಜಲಪ್ರಳಯದ ನೀರು ಇವನ್ನೆಲ್ಲ ಕೊಚ್ಚಿ ತಂದಿತೇ ಎಂಬ ಪ್ರಶ್ನೆ ಎದ್ದಾಗ ಆಕ್ಸ್‌ಫರ್ಡ್‌ನ ಭೂವಿಜ್ಞಾನಿ ವಿಲಿಯಂ ಬಕ್‌ಲ್ಯಾಂಡ್ ಬೇರೆಯೇ ದಾರಿ ಹಿಡಿದರು. ಊರೂರು ತಿರುಗುವ ಪ್ರಾಣಿಪ್ರದರ್ಶನದ ಜೀವಂತ ಕತ್ತೆಕಿರುಬನಿಗೆ ಎತ್ತಿನ ಕಾಲಿನ ಮೂಳೆ ಹಾಕಿಸಿ, ಅದು ಕಡಿದು ಬಿಟ್ಟದ್ದನ್ನು ಗುಹೆಯ ಮೂಳೆಗಳ ಪಕ್ಕದಲ್ಲಿಟ್ಟು ನೋಡಿದರು. ಹಲ್ಲಿನ ಗುರುತು, ತಿನ್ನದೆ ಉಳಿಸಿದ ಭಾಗ ಎರಡೂ ಹೊಂದಿಕೊಂಡವು. ಗುಹೆ ಕತ್ತೆಕಿರುಬಗಳ ಊಟದ ಮನೆಯಾಗಿತ್ತು. ಈ ಕೆಲಸಕ್ಕೆ 1822ರಲ್ಲಿ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಸಂದಿತು.

ಗೆಳೆಯ ವಿಲಿಯಂ ಕಾನಿಬೇರ್ ಈ ಸಂಶೋಧನೆಯನ್ನು ವ್ಯಂಗ್ಯಚಿತ್ರವಾಗಿ ಬರೆದರು. ಕೈಯಲ್ಲಿ ಮೇಣದಬತ್ತಿ ಹಿಡಿದ ಬಕ್‌ಲ್ಯಾಂಡ್ ಗುಹೆಯೊಳಗೆ ತಲೆ ತೂರಿಸಿದ್ದಾರೆ. ಒಳಗೆ ಕತ್ತೆಕಿರುಬಗಳು ಮೂಳೆ ಕಡಿಯುತ್ತಿವೆ. ನಗಿಸಲೆಂದು ಬರೆದ ಚಿತ್ರದಲ್ಲಿ ಸಂಶೋಧನೆಯ ಸಾರವೇ ಇತ್ತು: ಆ ಪ್ರಾಣಿಗಳು ಅಲ್ಲೇ ಬದುಕಿದ್ದವು, ಅಲ್ಲೇ ತಿಂದಿದ್ದವು.

ಮುಂದಿನ ಹೆಜ್ಜೆ ಇಂಗ್ಲೆಂಡಿನ ಲೈಮ್ ರೀಜಿಸ್ ಕಡಲತೀರದ್ದು. ಇಕ್ತಿಯೋಸಾರ್ ಎಂಬ ಪುರಾತನ ಕಡಲ ಸರೀಸೃಪದ ಅಸ್ಥಿಪಂಜರಗಳ ಹೊಟ್ಟೆಯ ಭಾಗದಲ್ಲೇ ಒಂದು ಬಗೆಯ ಕಲ್ಲುಗಳು ಸಿಗುತ್ತವೆ, ಒಡೆದರೆ ಒಳಗೆ ಮೀನಿನ ಮೂಳೆ, ಹುರುಪೆ ಕಾಣುತ್ತವೆ ಎಂಬುದನ್ನು ಅಲ್ಲಿ ಪಳೆಯುಳಿಕೆ ಹುಡುಕುತ್ತಿದ್ದ ಮೇರಿ ಆ್ಯನಿಂಗ್ ಗಮನಿಸಿದ್ದರು. ಅವು ಕಲ್ಲಾದ ಮಲ ಎಂದು ತೋರಿಸಿ ಬಕ್‌ಲ್ಯಾಂಡ್ 1829ರಲ್ಲಿ ‘ಕಾಪ್ರೊಲೈಟ್’ ಎಂದು ಹೆಸರಿಟ್ಟರು. ಮರುವರ್ಷ ಭೂವಿಜ್ಞಾನಿ ಹೆನ್ರಿ ಡಿ ಲಾ ಬೀಷ್ ಪ್ರಾಚೀನ ಕಡಲಿನ ಜೀವನವನ್ನು ಚಿತ್ರಿಸಿದರು. ಅದರಲ್ಲಿ ಒಂದು ಪ್ರಾಣಿ ಇನ್ನೊಂದನ್ನು ಹಿಡಿದು ನುಂಗುತ್ತಿದೆ. ಶತ್ರುವಿನ ಬಾಯಿಗೆ ಸಿಕ್ಕ ಪ್ಲೀಸಿಯೋಸಾರ್ ಎಂಬ ಉದ್ದ ಕತ್ತಿನ ಕಡಲ ಸರೀಸೃಪ ಮಲ ವಿಸರ್ಜಿಸುತ್ತಿದೆ. ಮುಂದಿನ ಕಾಲದ ಕಾಪ್ರೊಲೈಟ್ ಎಲ್ಲಿಂದ ಬಂತೆಂದು ಹೇಳಲು ಇದಕ್ಕಿಂತ ಚುರುಕಾದ ಪಾಠ ಬೇಕಿಲ್ಲ. ಚಿತ್ರದ ಪ್ರತಿಗಳ ಮಾರಾಟದಿಂದ ಬಂದ ಹಣ ಕಷ್ಟದಲ್ಲಿದ್ದ ಆ್ಯನಿಂಗ್‌ಗೆ ನೆರವಾಯಿತು.

ಇಲ್ಲದ ಪ್ರಾಣಿಗೂ ಶಾಸ್ತ್ರ

ಇಪ್ಪತ್ತನೆಯ ಶತಮಾನದಲ್ಲಿ ವಿನೋದ ಸ್ವತಂತ್ರವಾಗಿ ಬೆಳೆಯಿತು. 1955ರಲ್ಲಿ ಇಸ್ರೇಲಿನ ವಿಜ್ಞಾನಿಗಳಾದ ಅಲೆಕ್ಸಾಂಡರ್ ಕೋನ್ ಮತ್ತು ಹ್ಯಾರಿ ಲಿಪ್ಕಿನ್, ‘ಜರ್ನಲ್ ಆಫ್ ಇರ್‌ರಿಪ್ರೊಡ್ಯೂಸಿಬಲ್ ರಿಸಲ್ಟ್ಸ್’ ಎಂಬ ಅಣಕು ಪತ್ರಿಕೆ ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಗೆರೋಲ್ಫ್ ಸ್ಟೈನರ್, ಹೆರಾಲ್ಡ್ ಸ್ಟುಂಪ್‌ಕೆ ಎಂಬ ಕಲ್ಪಿತ ಹೆಸರಿನಲ್ಲಿ ಒಂದು ಪುಸ್ತಕ ತಂದರು. ಮೂಗನ್ನೇ ಕಾಲಾಗಿ, ಬಲೆಯಾಗಿ, ಗಾಳವಾಗಿ ಬಳಸುವ ಸಸ್ತನಿಗಳ ಒಂದು ಗಣವನ್ನೇ ಅವರು ಸೃಷ್ಟಿಸಿದ್ದರು. ಒಂದು ಜಾತಿ ಮೂಗಿನಿಂದ ಇಳಿಬಿಟ್ಟ ಸಿಂಬಳದ ಎಳೆಗಳಲ್ಲಿ ನೀರಿನ ಪುಟ್ಟ ಜೀವಿಗಳನ್ನು ಹಿಡಿಯುತ್ತದೆ; ಇನ್ನೊಂದು ಹೂವಿನಂತಹ ಮೂಗಿನಿಂದ ಕೀಟಗಳನ್ನು ಸೆಳೆಯುತ್ತದೆ. ಅಂಗರಚನೆ, ಆಹಾರ, ವಂಶಾವಳಿ ಎಲ್ಲವೂ ಒಂದಕ್ಕೊಂದು ಹೊಂದುವಂತೆ ಬರೆದದ್ದೇ ಅದರ ಹಿರಿಮೆ. ಪ್ರಾಣಿ ಸುಳ್ಳು, ವಿಕಾಸದ ತರ್ಕ ನಿಜ.

1976ರಲ್ಲಿ ಜರ್ಮನ್ ಹಾಸ್ಯಗಾರ ಲೋರಿಯೋ ದೂರದರ್ಶನದಲ್ಲಿ ‘ಕಲ್ಲುಹೇನು’ ಎಂಬ ಕಲ್ಪಿತ ಜೀವಿಯನ್ನು ಪರಿಚಯಿಸಿದರು. ಅದರ ದಿನದ ಆಹಾರ 28 ಕಿಲೋ ಕಾಂಕ್ರೀಟ್ ಮತ್ತು ಇಟ್ಟಿಗೆ. 1983ರಲ್ಲಿ ಅದು ‘ಪ್ಶಿರೆಂಬೆಲ್’ ಎಂಬ ಪ್ರತಿಷ್ಠಿತ ವೈದ್ಯಕೀಯ ನಿಘಂಟಿಗೂ ಹೊಕ್ಕಿತು. ಮುಂದೊಂದು ಆವೃತ್ತಿಯಲ್ಲಿ ಕೈಬಿಟ್ಟಾಗ ಓದುಗರು ಗಲಾಟೆ ಮಾಡಿದ್ದರಿಂದ 1997ರಲ್ಲಿ ಮತ್ತೆ ಸೇರಿಸಬೇಕಾಯಿತು.

ಇಂಥ ವಿನೋದವನ್ನು ಮೋಸದೊಂದಿಗೆ ಬೆರೆಸಬಾರದು. ಆದಿಮಾನವನದೆಂದು 1912ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ‘ಪಿಲ್ಟ್‌ಡೌನ್ ಮಾನವ’ನ ತಲೆಬುರುಡೆ ನಕಲಿ ಎಂದು ಬಯಲಾಗಲು 1953ರವರೆಗೆ ಕಾಯಬೇಕಾಯಿತು. ಮೋಸ ತನ್ನನ್ನು ಮುಚ್ಚಿಟ್ಟುಕೊಂಡು ದಾರಿ ತಪ್ಪಿಸುತ್ತದೆ. ವಿನೋದ ಓದುಗನ ಬುದ್ಧಿಯನ್ನು ನಂಬಿ ಅವನನ್ನೂ ಆಟಕ್ಕೆ ಕರೆದುಕೊಳ್ಳುತ್ತದೆ.

ಬಹುಮಾನ ಪಡೆದ ಊಟಗಳು

1991ರಲ್ಲಿ ಮಾರ್ಕ್ ಅಬ್ರಹಾಮ್ಸ್ ಆರಂಭಿಸಿದ ಇಗ್ ನೊಬೆಲ್ ಬಹುಮಾನಗಳು ನಿಜವಾದ ಸಂಶೋಧನೆಯೊಳಗಿನ ನಗೆಯನ್ನು ಹುಡುಕಿ ತೆಗೆದವು. 2013ರ ಪುರಾತತ್ವ ಬಹುಮಾನ ಬ್ರಯಾನ್ ಕ್ರ್ಯಾಂಡಲ್ ಮತ್ತು ಪೀಟರ್ ಸ್ಟಾಲ್ ಅವರದು. ಅವರ ಪ್ರಯೋಗದಲ್ಲಿ ಅರೆಬೆಂದ ಸುಂಡಿಲಿಯೊಂದನ್ನು ಅಗಿಯದೆ ನುಂಗಿ, ಮಲದಲ್ಲಿ ಯಾವ ಮೂಳೆ ಉಳಿಯಿತು, ಯಾವುದು ಕರಗಿತು ಎಂದು ನೋಡಲಾಯಿತು. ಅಗಿಯದಿದ್ದರೂ ಎಷ್ಟೋ ಮೂಳೆಗಳು ಕಾಣೆಯಾಗಿದ್ದವು. ಪ್ರಾಚೀನ ನೆಲೆಗಳಲ್ಲಿ ಸಿಗುವ ಸಣ್ಣ ಪ್ರಾಣಿಗಳ ಮೂಳೆಗಳನ್ನು ನೋಡಿ ಜನ ಏನು ತಿಂದಿದ್ದರು ಎಂದು ಹೇಳುವವರಿಗೆ ಇದು ಬೇಕೇಬೇಕಾದ ಎಚ್ಚರಿಕೆ. 2018ರ ಪೋಷಣಾ ಬಹುಮಾನ ಪಡೆದ ಜೇಮ್ಸ್ ಕೋಲ್, ನರಭಕ್ಷಣೆಯ ಲೆಕ್ಕ ಹಾಕಿದ್ದರು: ಒಬ್ಬ ಮನುಷ್ಯನ ಸ್ನಾಯುವಿನಿಂದ ಸುಮಾರು 32,000 ಕ್ಯಾಲೊರಿ ಸಿಕ್ಕರೆ ಮ್ಯಾಮತ್‌ನಿಂದ ಸುಮಾರು 36 ಲಕ್ಷ. ಆದಿಮಾನವ ಮನುಷ್ಯನನ್ನು ತಿಂದಿದ್ದರೆ ಅದರ ಕಾರಣವನ್ನು ಹೊಟ್ಟೆಪಾಡಿನಾಚೆಗೂ ಹುಡುಕಬೇಕು ಎಂಬುದು ಇದರ ತಾತ್ಪರ್ಯ.

ಭಾರತದ ಸಾಕ್ಷಿ

ಪುರಾತನ ಪ್ರಾಣಿಗಳ ಆಹಾರ ಹುಡುಕುವ ಈ ಕ್ಷೇತ್ರದ ಎರಡು ಸೊಗಸಾದ ಸಾಕ್ಷಿಗಳು ನಮ್ಮ ದೇಶದವು. ಡೈನೋಸಾರ್‌ಗಳು ಹುಲ್ಲು ತಿಂದದ್ದಕ್ಕೆ ಮೊದಲು ಪುರಾವೆಯೇ ಇರಲಿಲ್ಲ. ಮಹಾರಾಷ್ಟ್ರದ ಪಿಸ್ದುರಾದಲ್ಲಿ ಸಿಕ್ಕ ಕಾಪ್ರೊಲೈಟ್‌ಗಳನ್ನು ವಂದನಾ ಪ್ರಸಾದ್, ಅಶೋಕ್ ಸಾಹ್ನಿ ಮತ್ತು ಸಂಗಡಿಗರು ಪರೀಕ್ಷಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಲ್ಲಿನ ಜೀವಕೋಶಗಳಲ್ಲಿ ರೂಪುಗೊಳ್ಳುವ ಸಿಲಿಕಾ ಕಣಗಳು ಅವುಗಳೊಳಗೆ ಉಳಿದಿದ್ದವು. ಭತ್ತ, ಬಿದಿರಿನ ಬಳಗಕ್ಕೆ ಹತ್ತಿರದವೂ ಇದ್ದವು. ಇತರ ಸಸ್ಯಗಳ ಪಾಲೇ ಹೆಚ್ಚಾಗಿದ್ದುದರಿಂದ ಹುಲ್ಲು ಆ ಭಾರೀ ಪ್ರಾಣಿಗಳು ನಡುನಡುವೆ ಬಾಯಾಡಿಸಿದ ತಿಂಡಿಯಂತೆ ಕಾಣುತ್ತದೆ.

ಎರಡನೆಯದು ಗುಜರಾತಿನ ಧೋಲಿ ಡುಂಗ್ರಿಯದು. ಭೂವಿಜ್ಞಾನಿ ಧನಂಜಯ ಮೊಹಬೆ ಹುಡುಕಿದ ಡೈನೋಸಾರ್ ಗೂಡಿನ ಕಲ್ಲಿನಲ್ಲಿ ಒಡೆದ ಮೊಟ್ಟೆಯ ಸುತ್ತ ಸುರುಳಿ ಸುತ್ತಿದ ಹಾವಿತ್ತು. ಸುಮಾರು ಮೂರೂವರೆ ಮೀಟರ್ ಉದ್ದದ ಈ ಹಾವಿನ ಪಕ್ಕದಲ್ಲೇ ಆಗತಾನೇ ಹೊರಬಂದಿದ್ದ ಅರ್ಧ ಮೀಟರ್ ಮರಿ. ಸನಾಜೆ ಇಂಡಿಕಸ್ ಎಂದು 2010ರಲ್ಲಿ ಹೆಸರು ಪಡೆದ ಈ ಹಾವಿನ ಬಾಯಿ ಮೊಟ್ಟೆ ನುಂಗುವಷ್ಟು ಅಗಲಿಸುತ್ತಿರಲಿಲ್ಲ. ಮರಿಗಾಗಿ ಹೊಂಚು ಹಾಕಿತ್ತು ಎಂಬುದು ವಿಜ್ಞಾನಿಗಳ ತೀರ್ಮಾನ.

ವಿಜ್ಞಾನವನ್ನು ನಗುತ್ತಲೇ ಹೇಳುವುದು ಕನ್ನಡಕ್ಕೆ ಹೊಸದಲ್ಲ. ಸಸ್ಯಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಆ ಹಾದಿಯನ್ನು ತರಗತಿಗೂ ತರಬೇಕು. ಮಕ್ಕಳು ತಮ್ಮದೇ ಪುರಾತನ ಪ್ರಾಣಿಯನ್ನು ಕಟ್ಟಲಿ, ಅದಕ್ಕೆ ಕೋಡುಬಳೆಯನ್ನೋ ನಿಪ್ಪಟ್ಟನ್ನೋ ತಿನ್ನಿಸಲಿ. ತಿಂಡಿಗೆ ತಕ್ಕ ಹಲ್ಲು, ಹಲ್ಲಿಗೆ ತಕ್ಕ ದವಡೆ, ಹೊಟ್ಟೆಗೆ ತಕ್ಕ ಮಲ ಯಾವುದು ಎಂಬುದನ್ನು ಮಾತ್ರ ಮೇಷ್ಟ್ರು ಬಿಡದೆ ಕೇಳಬೇಕು. ಅಷ್ಟಕ್ಕೆ ಉತ್ತರ ಹುಡುಕಿದ ಮಗು ಪಳೆಯುಳಿಕೆ ವಿಜ್ಞಾನದ ಮೊದಲ ಪಾಠ ಕಲಿತಿರುತ್ತದೆ.